ಹವಳದೊಳಗಿನ ಚಿಗುರು

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಈಗ ಒಂದು ಸುದ್ದಿ ತಪ್ಪುವುದಿಲ್ಲ: ಕಡಲಲ್ಲಿ ಹವಳ ಬಿಳಿಚಿಕೊಂಡಿದೆ. ಓದಿದವರಲ್ಲಿ ಎಷ್ಟೋ ಮಂದಿಗೆ ಅದು ಗೊಂದಲದ ಮಾತು. ಕನ್ನಡದ ಕಿವಿಗೆ ಹವಳ ಎಂದರೆ ಮೊದಲು ಕೆಂಪು. ತಾಳಿಯ ಎರಡೂ ಬದಿಗೆ ಕರಿಮಣಿಗಳ ನಡುವೆ ಪೋಣಿಸುವ ಮಣಿ ಅದು. ನವರತ್ನಗಳಲ್ಲಿ ಒಂದು, ಕುಜನಿಗೆ ಸಂದದ್ದು. ಆಯುರ್ವೇದದ ಅಂಗಡಿಯಲ್ಲಿ ಪ್ರವಾಳ ಭಸ್ಮ, ಪ್ರವಾಳ ಪಿಷ್ಟಿ. ತಲೆಮಾರುಗಳ ಕಾಲ ಕೊರಳಲ್ಲಿದ್ದರೂ ಬಣ್ಣ ಬಿಡದ ಈ ವಸ್ತು ಕಡಲಲ್ಲಿ ಬಿಳಿಚುವುದೆಂದರೇನು?

ಬಿಳಿಚುವುದು ಬೇರೆ ಹವಳ. ಆಭರಣದ ಹವಳಕ್ಕೂ ಲಕ್ಷದ್ವೀಪದ ತಿಳಿನೀರಿನಲ್ಲಿ ದಿಬ್ಬ ಕಟ್ಟುವ ಹವಳಕ್ಕೂ ಇರುವುದು ದೂರದ ನೆಂಟಸ್ತಿಕೆ. ದಿಬ್ಬ ಕಟ್ಟುವುದರ ಮೈಯಲ್ಲಿ ಪಾಚಿ ವಾಸವಾಗಿದೆ, ಆಭರಣದ್ದರಲ್ಲಿ ಇಲ್ಲ. ಪಾಚಿ ಇರುವ ಹವಳ ಬಿಸಿಲಿಗೆ ಮೈಯೊಡ್ಡಿ ಬದುಕುತ್ತದೆ, ಇಲ್ಲದ್ದು ಮಬ್ಬುಗತ್ತಲಲ್ಲಿ ಬೆಳೆಯುತ್ತದೆ. ಇವೆರಡನ್ನೂ ಒಂದೇ ಹೆಸರಿನಲ್ಲಿ ಕರೆಯುವಂತಾದ ಕಥೆ ಎರಡು ಸಾವಿರ ವರ್ಷಕ್ಕೂ ಮಿಕ್ಕ ಉದ್ದದ್ದು.

ಹವಳ ಹಳಗನ್ನಡದಲ್ಲಿ ಪವಳ. ಹಾಲು ಪಾಲಾಗಿದ್ದ, ಹುಲಿ ಪುಲಿಯಾಗಿದ್ದ ಕಾಲದ ರೂಪ ಅದು. ಪದದ ಮೊದಲಿನ ಪಕಾರ ಹಕಾರವಾಗುವ ಬದಲಾವಣೆ ಹತ್ತನೆಯ ಶತಮಾನದ ಹೊತ್ತಿಗೆ ತಲೆದೋರಿ, ಮುಂದಿನ ಶತಮಾನಗಳಲ್ಲಿ ಇಡೀ ನುಡಿಯನ್ನು ಆವರಿಸಿತು. ಅಚ್ಚಗನ್ನಡದ ಹೂ, ಹಲ್ಲು, ಹಾವುಗಳ ಜೊತೆಗೆ ಪವಳವೂ ಹವಳವಾಯಿತು. ಅಂದರೆ ಆ ವೇಳೆಗಾಗಲೇ ಈ ಪದ ಹೊರಗಿನದೆಂಬ ಗುರುತು ಕಳೆದುಕೊಂಡು ಮನೆಮಾತಿನಲ್ಲಿ ಬೆರೆತಿತ್ತು. ಆದರೆ ಮೂಲದಲ್ಲಿ ಅದು ಹೊರಗಿನದೇ. ಸಂಸ್ಕೃತದ ಪ್ರವಾಲ ಅಥವಾ ಪ್ರವಾಳ ಪ್ರಾಕೃತದಲ್ಲಿ ಒತ್ತಕ್ಷರ ಕಳೆದುಕೊಂಡು ಪವಾಳವಾಯಿತು, ಅಲ್ಲಿಂದ ದಕ್ಷಿಣಕ್ಕೆ ಇಳಿಯಿತು. ತಮಿಳರ ಪವಳಂ, ತೆಲುಗರ ಪಗಡಮು, ಮರಾಠಿಗರ ಪೋವಳೆ, ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು.

ಪ್ರವಾಲ ಎಂಬುದಕ್ಕೆ ಸಂಸ್ಕೃತದಲ್ಲಿ ಇನ್ನೊಂದು ಅರ್ಥವೂ ಇದೆ: ಎಳೆ ಚಿಗುರು. ಮಾವು, ಅಶ್ವತ್ಥಗಳು ವಸಂತದಲ್ಲಿ ತಳೆಯುವ ಕೆಂಪು ತಳಿರನ್ನು ನೆನೆದರೆ ಸಾಕು, ಕಡಲಿನಿಂದ ಬಂದ ಕವಲುಕವಲಾದ ಕೆಂಪು ವಸ್ತುವಿಗೆ ಆ ಹೆಸರು ಹೇಗೆ ಅಂಟಿಕೊಂಡಿತೆಂದು ಊಹಿಸಬಹುದು. ಅಮರಕೋಶ ಹವಳಕ್ಕೆ ಕೊಡುವ ಇನ್ನೊಂದು ಹೆಸರು ವಿದ್ರುಮ. ದ್ರುಮ ಎಂದರೆ ಮರ, ವಿದ್ರುಮ ಎಂದರೆ ವಿಶೇಷವಾದ ಮರ ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಒಂದು ಹೆಸರಿನಲ್ಲಿ ಚಿಗುರು, ಇನ್ನೊಂದರಲ್ಲಿ ಮರ.

ಹವಳದ ನಂಟಿನ ಪದಗಳಲ್ಲಿ ನನಗೆ ಬಲು ಇಷ್ಟವಾದದ್ದು ಮಣಿಪ್ರವಾಳ. ಸಂಸ್ಕೃತವನ್ನೂ ನಾಡನುಡಿಯನ್ನೂ ಒಂದೇ ಸರದಲ್ಲಿ ಪೋಣಿಸಿದಂಥ ಬರವಣಿಗೆಗೆ ಕೇರಳದಲ್ಲೂ ತಮಿಳುನಾಡಿನಲ್ಲೂ ಇದ್ದ ಹೆಸರು ಅದು. ಕೇರಳದ ಲಕ್ಷಣಗ್ರಂಥ, 14ನೇ ಶತಮಾನದ ‘ಲೀಲಾತಿಲಕ’, ಇಲ್ಲಿ ಮಣಿ ಎಂದರೆ ಮಾಣಿಕ್ಯವೆಂದು ಹೇಳುತ್ತದೆ. ಮಾಣಿಕ್ಯವೂ ಕೆಂಪು, ಹವಳವೂ ಕೆಂಪು. ಒಟ್ಟಿಗೆ ಪೋಣಿಸಿದರೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯಬಾರದು. ಒಂದರೊಳಗೊಂದು ಬೆರೆತು ಬಾಳುವುದಕ್ಕೆ ಹವಳದ ಹೆಸರಿಟ್ಟ ಆ ಲಾಕ್ಷಣಿಕರಿಗೆ ಹವಳದ ಜೀವಶಾಸ್ತ್ರ ಗೊತ್ತಿರಲು ಸಾಧ್ಯವಿರಲಿಲ್ಲ.

ನಮ್ಮ ಕೊರಳಿಗೆ ಬಂದ ಹವಳ ನಮ್ಮ ಕಡಲಿನದಲ್ಲ. ಅದು ಮೆಡಿಟರೇನಿಯನ್ ಕಡಲಿನ ಕೆಂಪು ಹವಳ. ಕೌಟಿಲ್ಯನ ಅರ್ಥಶಾಸ್ತ್ರ ಹೆಸರಿಸುವ ಹವಳದ ಬಗೆಗಳಲ್ಲಿ ಒಂದು ಆಲಕಂದಕ. ಅಲೆಕ್ಸಾಂಡ್ರಿಯದಿಂದ ಬಂದದ್ದು ಎಂಬುದೇ ಆ ಪದದ ಅರ್ಥವೆಂದು ಫ್ರೆಂಚ್ ವಿದ್ವಾಂಸ ಸಿಲ್ವೆನ್ ಲೆವಿ ಗುರುತಿಸಿದರು. ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ನಾವಿಕನ ಕೈಪಿಡಿ ‘ಪೆರಿಪ್ಲಸ್’ ಭರೂಚ್ ಮತ್ತು ಮುಜಿರಿಸ್ ಬಂದರುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನೂ ಸೇರಿಸುತ್ತದೆ. ರೋಮಿನ ಹೆಂಗಸರು ಭಾರತದ ಮುತ್ತಿಗೆ ಎಷ್ಟು ಬೆಲೆ ಕೊಡುವರೋ ಭಾರತದವರು ಹವಳಕ್ಕೆ ಅಷ್ಟೇ ಬೆಲೆ ಕೊಡುತ್ತಾರೆಂದು ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಈ ವ್ಯಾಪಾರ ಸಾವಿರದ ಐನೂರು ವರ್ಷ ಕಳೆದರೂ ನಿಲ್ಲಲಿಲ್ಲ. ಇಟಲಿಯ ಲಿವೊರ್ನೊ ಊರಿನ ಯಹೂದಿ ವರ್ತಕರು ಹವಳವನ್ನು ಗೋವೆಗೆ ಕಳಿಸಿ ವಜ್ರ ತರಿಸಿಕೊಳ್ಳುತ್ತಿದ್ದರು.

ವಿಜಯನಗರದ ಕಾಲದಲ್ಲಿ ನಮ್ಮ ಭಟ್ಕಳಕ್ಕೂ ಹವಳ ಇಳಿಯುತ್ತಿತ್ತು. 16ನೇ ಶತಮಾನದ ಆರಂಭದಲ್ಲಿ ಪಶ್ಚಿಮ ಕರಾವಳಿಯನ್ನು ಕಂಡು ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸ ಅಲ್ಲಿನ ಪೇಟೆಯಲ್ಲಿ ತಾಮ್ರ, ಪಾದರಸ, ಇಂಗಳೀಕ, ದಂತಗಳ ಸಾಲಿನಲ್ಲೇ ಹವಳವನ್ನೂ ಹೇಳುತ್ತಾನೆ. ಆ ಹಡಗುಗಳು ಸುಳಿದಾಡುತ್ತಿದ್ದ ನೀರಿನಲ್ಲೇ, ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ಆಚೆ, ನೇತ್ರಾಣಿ ಇದೆ. ಅದರ ಬಂಡೆಗಳ ಬುಡದಲ್ಲಿ ಜೀವಂತ ಹವಳಗಳಿವೆ, ಮೈಯೊಳಗೆ ಪಾಚಿಯಿರುವ ಜಾತಿಯವು. ನೀರಿನಲ್ಲಿರುವಾಗ ಅವುಗಳ ಬಣ್ಣ ಕಂದು, ಹಸುರು, ಹಳದಿ. ಕಿತ್ತು ಒಣಗಿಸಿದರೆ ಉಳಿಯುವುದು ಬಿಳಿಯ ಸುಣ್ಣದ ಕಲ್ಲು. ಕೆಂಪಿಲ್ಲದ ಇದನ್ನು ಹವಳವೆಂದು ಪೇಟೆಯಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಸಾವಿರಾರು ಮೈಲಿ ದೂರದ ಸತ್ತ ಹವಳಕ್ಕೆ ಹೆಸರಿತ್ತು, ಕೈಯಳತೆಯ ಜೀವಂತ ಹವಳ ಆ ಹೆಸರಿನ ಪಾಲುದಾರನಾಗಲಿಲ್ಲ.

ಪದ ಎರಡನೆಯ ಜನ್ಮ ತಾಳಿದ್ದು ಯುರೋಪಿನ ವಿಜ್ಞಾನದ ಮೂಲಕ. ಅಲ್ಲೂ ಹವಳ ಬಹುಕಾಲ ಗಿಡವಾಗಿಯೇ ಇತ್ತು. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಅದನ್ನು ಕಡಲಲ್ಲಿ ಬೆಳೆಯುವ, ಬೇರಿನಂತಿರುವ ಕೆಂಪು ಕಲ್ಲೆಂದ. ನೀರಿನಲ್ಲಿ ಮೆತ್ತಗಿದ್ದು ಗಾಳಿ ತಾಗಿದೊಡನೆ ಗಟ್ಟಿಯಾಗುವ ಸಸಿ ಎಂಬ ನಂಬಿಕೆಯೂ ಇತ್ತು. 1706ರಲ್ಲಿ ಇಟಲಿಯ ಲೂಯಿಜಿ ಮಾರ್ಸಿಲಿ ಆಗಷ್ಟೇ ಕಿತ್ತ ಕೆಂಪು ಹವಳದ ಕೊಂಬೆಯನ್ನು ಕಡಲ ನೀರಿನ ಪಾತ್ರೆಯಲ್ಲಿಟ್ಟು ನೋಡಿದಾಗ ಅದರ ಮೇಲೆಲ್ಲ ಎಂಟೆಂಟು ಎಸಳಿನ ಬಿಳಿ ಹೂಗಳು ಅರಳಿದವು. ಹವಳ ಗಿಡವೆಂಬುದಕ್ಕೆ ಇನ್ನೇನು ಬೇಕು? ಮಾರ್ಸೇಲಿನ ವೈದ್ಯ ಪೇಸೊನೆಲ್ ಮಾತ್ರ ಒಪ್ಪಲಿಲ್ಲ. ಮುಟ್ಟಿದರೆ ಈ ಹೂಗಳು ಮುದುಡುತ್ತವೆ, ಕೊಳೆತರೆ ಮೀನಿನ ಹಾಗೆ ನಾರುತ್ತವೆ, ಆದ್ದರಿಂದ ಇವು ಪ್ರಾಣಿಗಳು ಎಂದರು. ಅವರ ವಾದವನ್ನು ಪ್ಯಾರಿಸಿನ ಅಕಾಡೆಮಿಯ ಮುಂದಿಟ್ಟ ರೆಯೊಮ್ಯೂರ್ ಎಂಬ ಹಿರಿಯ ವಿಜ್ಞಾನಿ, ಇಂಥ ಮಾತು ಹೇಳಿದವನ ಹೆಸರು ಕೆಡಬಾರದೆಂದು ಪೇಸೊನೆಲ್ ಹೆಸರನ್ನೇ ಎತ್ತಲಿಲ್ಲ. 1740ರ ದಶಕದಲ್ಲಿ ಅಬ್ರಹಾಂ ಟ್ರೆಂಬ್ಲಿ ಎಂಬ ನಿಸರ್ಗವಿಜ್ಞಾನಿ, ಗಿಡದಂತೆ ಕಾಣುವ ಪುಟ್ಟ ಜೀವಿಗಳಾದ ಕೊಳದ ಹೈಡ್ರಾಗಳನ್ನು ಕತ್ತರಿಸಿ, ಅವು ಮತ್ತೆ ಬೆಳೆಯುವುದನ್ನೂ ಬೇಟೆಯಾಡಿ ತಿನ್ನುವುದನ್ನೂ ತೋರಿಸಿದ ಮೇಲೆಯೇ ಪೇಸೊನೆಲ್ ಮಾತಿಗೆ ಬೆಲೆ ಬಂತು. ಟ್ರೆಂಬ್ಲಿಯ ಕೈಗೆ ಸಿಕ್ಕ ಹೈಡ್ರಾಗಳಲ್ಲಿ ಹಸುರು ಬಣ್ಣದವೂ ಇದ್ದವು. ಆ ಹಸುರು ಪ್ರಾಣಿಯದಲ್ಲ, ಅದರೊಳಗೆ ಬೀಡುಬಿಟ್ಟ ಪಾಚಿಯದು ಎಂದು ತಿಳಿಯಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಹವಳ ಪ್ರಾಣಿಯೆಂದು ತೀರ್ಮಾನವಾದ ಮೇಲೆ ಅದರೊಳಗಿನಿಂದ ಮತ್ತೆ ಗಿಡ ಇಣುಕಿತು. ಕಡಲ ಸೂಕ್ಷ್ಮಜೀವಿಗಳ, ಹವಳಗಳ, ಅವುಗಳ ಬಳಗದ ಜೀವಿಗಳ ಮೈಯಲ್ಲಿ ಹಳದಿ ಬಣ್ಣದ ಕಣಗಳು ಕಾಣುತ್ತಿದ್ದವು. ಅವು ಪ್ರಾಣಿಯದೇ ಅಂಗವೆಂದು ಹಲವರು ನಂಬಿದ್ದರು. 1871ರಲ್ಲಿ ಸಿಯೆಂಕೊವ್‌ಸ್ಕಿ ಎಂಬ ವಿಜ್ಞಾನಿ ಒಂದು ಸರಳ ಸಂಗತಿಯನ್ನು ಗಮನಿಸಿದರು: ಆಶ್ರಯ ಕೊಟ್ಟ ಜೀವಿ ಸತ್ತ ಮೇಲೂ ಈ ಹಳದಿ ಕಣಗಳು ಬದುಕಿರುತ್ತವೆ, ಬೆಳೆಯುತ್ತವೆ. ಅಂದಮೇಲೆ ಅವು ಅಂಗವಲ್ಲ, ಒಕ್ಕಲು. ಹತ್ತು ವರ್ಷದ ಬಳಿಕ, 1881ರಲ್ಲಿ, ಜರ್ಮನಿಯ ಕಾರ್ಲ್ ಬ್ರಾಂಟ್ ಅವಕ್ಕೆ ಜೂಕ್ಸಾಂಥೆಲ ಎಂಬ ಹೆಸರಿಟ್ಟರು. ಪ್ರಾಣಿಯೊಳಗಿನ ಪುಟ್ಟ ಹಳದಿ ಎಂದು ಗ್ರೀಕ್ ಮೂಲದ ಆ ಪದದ ಅರ್ಥ. ಸಿಹಿನೀರಿನ ಹಸುರು ಬಗೆಗೆ ಜೂಕ್ಲೊರೆಲ ಎಂದರು.

ಆ ಪಾಚಿಗೆ ಇನ್ನೊಂದು ಹೆಸರೂ ಸೂಚಿತವಾಗಿತ್ತು, ಅದು ಬಾಳಲಿಲ್ಲ. ಸ್ಕಾಟ್‌ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಯುವಕನಾಗಿದ್ದಾಗ ಫ್ರಾನ್ಸಿನ ರೋಸ್ಕಾಫ್ ಕಡಲತೀರದಲ್ಲಿ ಒಂದು ಹಸುರು ಹುಳುವನ್ನು ಪರೀಕ್ಷಿಸುತ್ತಿದ್ದರು. ಉಬ್ಬರ ಇಳಿದಾಗ ಈ ಹುಳುಗಳು ಲಕ್ಷಗಟ್ಟಲೆ ಮರಳಿನ ಮೇಲಕ್ಕೆ ಬಂದು ಬಿಸಿಲು ಕಾಯುತ್ತವೆ, ಮರಳೇ ಹಸುರಾಗಿ ಕಾಣುತ್ತದೆ. ನೀರಿನಲ್ಲಿಟ್ಟು ಬಿಸಿಲಿಗೆ ಹಿಡಿದರೆ ಅವುಗಳಿಂದ ಗುಳ್ಳೆಗಳೇಳುತ್ತವೆ. ಆ ಗಾಳಿಯಲ್ಲಿ ಆಮ್ಲಜನಕ ಯಥೇಚ್ಛವಾಗಿರುವುದನ್ನು ಗೆಡ್ಡಿಸ್ ತೋರಿಸಿಕೊಟ್ಟರು. ಬೆಳೆದ ಹುಳು ಹೊರಗಿನ ಆಹಾರವನ್ನೇ ತಿನ್ನುವುದಿಲ್ಲ, ಮೈಯೊಳಗಿನ ಪಾಚಿಯೇ ಅದಕ್ಕೆ ಅನ್ನ. ಇಂಥ ಪಾಚಿಗೆ 1882ರಲ್ಲಿ ಅವರು ಕೊಟ್ಟ ಹೆಸರು ಫಿಲೋಜೂನ್, ಪ್ರಾಣಿಪ್ರಿಯ. ಮುಂದೆ ಭಾರತದ ಊರೂರು ಸುತ್ತಿ ನಗರ ಯೋಜನೆಯ ವರದಿಗಳನ್ನು ಬರೆದ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿದ, ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು 1920ರಲ್ಲಿ ಹೊರತಂದ ಗೆಡ್ಡಿಸ್ ಇವರೇ. ಊರೆಂದರೆ ಬೇರೆಬೇರೆ ಜೀವಗಳು ಒಂದನ್ನೊಂದು ಪೊರೆಯುವ ಜಾಗವೆಂಬ ಅವರ ನೋಟಕ್ಕೆ ಆ ಹಸುರು ಹುಳುವೂ ಒಂದು ಬುನಾದಿ ಹಾಕಿರಬೇಕೆಂದು ನಾನು ನಂಬುತ್ತೇನೆ.

ಇಂಥ ಬಾಳಿಗೆ ಸಿಂಬಯೋಸಿಸ್ ಎಂಬ ಮಾತನ್ನು ಚಲಾವಣೆಗೆ ತಂದವರು ಜರ್ಮನಿಯ ಆಂಟನ್ ಡಿ ಬಾರಿ, 1878ರಲ್ಲಿ ಕಾಸೆಲ್ ನಗರದ ಉಪನ್ಯಾಸವೊಂದರಲ್ಲಿ. ಬೇರೆಬೇರೆ ಜಾತಿಯ ಜೀವಿಗಳು ಕೂಡಿ ಬಾಳುವುದು, ಅಷ್ಟೇ ಅವರ ಅರ್ಥ. ಲಾಭ, ನಷ್ಟ, ಪ್ರೀತಿ ಯಾವುದನ್ನೂ ಅವರು ಅದರೊಳಗೆ ತುರುಕಿರಲಿಲ್ಲ, ಪರಾವಲಂಬನೆಯೂ ಆ ವ್ಯಾಪ್ತಿಗೆ ಸೇರಿತ್ತು. ಕನ್ನಡದ ಪಠ್ಯಪುಸ್ತಕಗಳು ಅದನ್ನು ಸಹಜೀವನವೆಂದು ಕರೆದವು. ಒಳ್ಳೆಯ ಪದ. ಆದರೆ ಅದರ ಬೆನ್ನಿಗೇ ಸಹಬಾಳ್ವೆಯ ಸವಿನೆನಪುಗಳೆಲ್ಲ ಬಂದುಬಿಡುತ್ತವೆ, ಹವಳ ಮತ್ತು ಪಾಚಿ ಪರಸ್ಪರ ಒಲಿದು ಕೂಡಿದಂತೆ ಕೇಳುತ್ತದೆ. ಒಳಗಿನ ವ್ಯವಹಾರ ಅದಕ್ಕಿಂತ ಬಿಗಿಯಾದದ್ದು.

ಹವಳದ ದಿಬ್ಬದ ಒಂದೊಂದು ಕೊಂಬೆಯ ಮೇಲೂ ಸಾಲುಸಾಲು ಪುಟ್ಟ ಜೀವಿಗಳಿರುತ್ತವೆ, ಬಾಯಿ, ಬಾಯಿಯ ಸುತ್ತ ಎಳೆಗೈಗಳು, ಒಂದು ಹೊಟ್ಟೆ. ಆ ಹೊಟ್ಟೆಯ ಒಳಪದರದ ಜೀವಕೋಶಗಳಲ್ಲಿ, ಪೊರೆಯೊಂದರ ಚೀಲದೊಳಗೆ, ಪಾಚಿಯ ಕೋಶ ಕೂತಿರುತ್ತದೆ. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಹತ್ತು ಲಕ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಹವಳ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡು ಪಾಚಿಗೆ ಸಿಗುತ್ತದೆ. ಹವಳದ ಮೈಯ ಕಸವಾದ ಅಮೋನಿಯಾ ಅದಕ್ಕೆ ಗೊಬ್ಬರ. ಬಿಸಿಲಿನಲ್ಲಿ ಪಾಚಿ ಅಡಿಗೆ ಮಾಡಿ ಗ್ಲಿಸರಾಲ್, ಗ್ಲೂಕೋಸ್‌ಗಳನ್ನು ಹೊರಬಿಡುತ್ತದೆ. ಲೆನಾರ್ಡ್ ಮಸ್ಕಟೀನ್ ಮತ್ತು ಅವರ ಸಹವರ್ತಿ 1969ರಲ್ಲಿ ವಿಕಿರಣಶೀಲ ಇಂಗಾಲವನ್ನು ಗುರುತಾಗಿ ಬಳಸಿ, ಪಾಚಿ ಮಾಡಿದ ಆಹಾರ ಹವಳದ ಮೈಗೆ ದಾಟುವುದನ್ನು ತೋರಿಸಿದರು. ಪಾಚಿ ದುಡಿದದ್ದರಲ್ಲಿ ನೂರಕ್ಕೆ ತೊಂಬತ್ತರಷ್ಟು ಕೂಡ ಹವಳದ ಪಾಲಾಗಬಹುದೆಂದು ಮುಂದಿನ ಲೆಕ್ಕಗಳು ಹೇಳಿದವು. ಬಿಸಿಲಿರುವ ಹೊತ್ತಿನಲ್ಲಿ ಹವಳ ಸುಣ್ಣದ ಗೂಡನ್ನು ಕತ್ತಲೆಗಿಂತ ಬೇಗ ಕಟ್ಟುವುದನ್ನು 1959ರಲ್ಲೇ ಥಾಮಸ್ ಗೊರೊ ಜಮೈಕಾದಲ್ಲಿ ಅಳೆದಿದ್ದರು. ಉಷ್ಣವಲಯದ ತಿಳಿನೀಲಿ ಕಡಲಿನಲ್ಲಿ ಪೋಷಕಾಂಶಗಳೇ ಕಡಿಮೆ, ನೀರು ತಿಳಿಯಾಗಿರುವುದೇ ಅದಕ್ಕಾಗಿ. ಅಂಥ ಬಡ ನೀರಿನಲ್ಲಿ ಇಷ್ಟು ಸಮೃದ್ಧ ಜೀವರಾಶಿ ನೆಲೆಸಿದ್ದು ಈ ಒಳ ವ್ಯವಹಾರದ ಬಲದಿಂದ.

ಪಾಚಿ ಇಷ್ಟೊಂದನ್ನು ಯಾಕೆ ಬಿಟ್ಟುಕೊಡುತ್ತದೆ? ಹವಳ ಅದಕ್ಕೆ ಸಾರಜನಕವನ್ನು ಅಳೆದು ಕೊಡುವುದರಿಂದ ಎನ್ನುವ ವಿವರಣೆಗೆ ಹೆಚ್ಚು ಬಲವಿದೆ. ಸಾರಜನಕ ಸಾಲದಿದ್ದರೆ ಪಾಚಿ ತನ್ನ ಸಂತಾನ ಹೆಚ್ಚಿಸಲಾರದು, ಮಾಡಿದ ಸಕ್ಕರೆ ಮಿಗುತ್ತದೆ, ಮಿಕ್ಕದ್ದು ಹೊರಗೆ ಹೋಗುತ್ತದೆ. ಡಿ ಬಾರಿಯ ಬರಿಯ ಕೂಡಿಬಾಳು ಎಂಬ ವ್ಯಾಖ್ಯೆಯೇ ಇಲ್ಲಿ ಹೆಚ್ಚು ಸತ್ಯವೆನಿಸುತ್ತದೆ.

ಪಾಚಿ ಎಂಬ ಪದವನ್ನೂ ಇಲ್ಲಿ ತುಸು ಸಡಿಲಿಸಬೇಕು. ಅದು ಪಚ್ಚೆ, ಪಸುರುಗಳ ಒಡಹುಟ್ಟು, ಹುಟ್ಟಿನಲ್ಲೇ ಹಸುರನ್ನು ಹೊತ್ತ ಮಾತು. ಕಲ್ಯಾಣಿಯ ಮೆಟ್ಟಿಲ ಮೇಲಿನದು, ಮಳೆಗಾಲದ ಗೋಡೆಯದು ಹಸುರೇ. ಹವಳದೊಳಗಿನ ಪಾಚಿ ಹೊಂಗಂದು. ಹಸುರು ಅದರಲ್ಲೂ ಇದೆ, ಆದರೆ ಪೆರಿಡಿನಿನ್ ಎಂಬ ಬೇರೊಂದು ವರ್ಣದ್ರವ್ಯ ಅದನ್ನು ಮುಚ್ಚುತ್ತದೆ. ಇದು ಡೈನೊಫ್ಲಾಜೆಲೇಟ್ ಎಂಬ ಗುಂಪಿಗೆ ಸೇರಿದ ಏಕಕೋಶಿ. ಜಪಾನಿನ ಕವಾಗುತಿ ಪಲಾವು ದ್ವೀಪದಲ್ಲಿ ಅದನ್ನು ಹವಳದಿಂದ ಹೊರತೆಗೆದು ಬೆಳೆಸಿ, ಬಾಲ ಬೀಸಿ ಈಜುವ ಅದರ ರೂಪವನ್ನು 1944ರಲ್ಲಿ ವಿವರಿಸಿದರು. 1962ರಲ್ಲಿ ಹ್ಯೂಗೊ ಫ್ರಾಯ್ಡೆಂತಾಲ್, ತಲೆಕೆಳಗಾಗಿ ಮಲಗುವ ಒಂದು ಅಂಬಲಿ ಮೀನಿನೊಳಗಿನ ಪಾಚಿಗೆ ಸಿಂಬಿಯೋಡಿನಿಯಂ ಎಂದು ಶಾಸ್ತ್ರೀಯ ಹೆಸರು ಕೊಟ್ಟರು. ಡಿ ಬಾರಿಯ ಪದ ಹೀಗೆ ಜೀವಿಯೊಂದರ ಹೆಸರಿನಲ್ಲೇ ಸೇರಿಹೋಯಿತು.

ಆಭರಣದ ಕೆಂಪು ಹವಳಕ್ಕೆ ಈ ಯಾವ ವ್ಯವಹಾರವೂ ಇಲ್ಲ. ಅದು ಬೆಳಕು ಕ್ಷೀಣವಾದ ಗುಹೆಗಳಲ್ಲಿ, ಆಳದ ಬಂಡೆಗಳ ಅಡಿಯಲ್ಲಿ, ನೀರಿನಲ್ಲಿ ತೇಲಿಬಂದದ್ದನ್ನು ಹಿಡಿದು ತಿಂದು ಬದುಕುತ್ತದೆ. ಅದರ ಕೆಂಪು ಸುಣ್ಣದಲ್ಲೇ ಬೆರೆತ ಬಣ್ಣ, ಆದ್ದರಿಂದಲೇ ಸತ್ತರೂ ಮಾಸದು. ಪ್ರವಾಲ ಎಂದು ಹೆಸರಿಟ್ಟ ಹಿರಿಯರಿಗೆ ಹವಳದೊಳಗೆ ಸಸ್ಯವಿರುವುದು ಗೊತ್ತಿತ್ತು ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಒಪ್ಪಬೇಡಿ. ಅವರು ಹೆಸರಿಟ್ಟ ಹವಳದಲ್ಲಿ ಪಾಚಿಯೇ ಇರಲಿಲ್ಲ. ಅವರು ಕಂಡದ್ದು ಆಕಾರ ಮತ್ತು ಬಣ್ಣ, ಅದನ್ನು ಚೆನ್ನಾಗಿ ಕಂಡರು.

ಹವಳದ ಜೀವಿಗಳು ಕಟ್ಟುವ ರಚನೆಗೆ ನಾವು ಹವಳದ ದಿಬ್ಬ, ಹವಳದ ಬಂಡೆ ಎನ್ನುತ್ತೇವೆ. ಮಲಯಾಳಿಗಳು ಪವಿಳಪುಟ್ಟ್ ಎನ್ನುತ್ತಾರೆ. ಅವರ ಪುಟ್ಟ್ ನಮ್ಮ ಹುತ್ತವೇ. ಹವಳದ ಹುತ್ತ! ಬಂಡೆ ತಾನಾಗಿ ಇರುವಂಥದ್ದು, ಹುತ್ತ ಪುಟ್ಟ ಜೀವಿಗಳು ಕೂಡಿ ಕಟ್ಟುವಂಥದ್ದು, ಕಟ್ಟಿದವರಿಗಿಂತ ಸಾವಿರಪಟ್ಟು ದೊಡ್ಡದಾಗುವಂಥದ್ದು. ಮುಂಗಾರಿನಲ್ಲಿ ಮಲೆನಾಡಿನ ಜನ ಹುತ್ತದ ಮೇಲೆ ಅಣಬೆ ಹುಡುಕಿ ತರುತ್ತಾರೆ. ಆ ಅಣಬೆ ಹುತ್ತದೊಳಗೆ ಗೆದ್ದಲು ಸಾಕಿಕೊಂಡ ಶಿಲೀಂಧ್ರದ್ದು, ಗೆದ್ದಲು ತಂದ ಸೊಪ್ಪುಕಟ್ಟಿಗೆಯನ್ನು ಅದು ಅರಗಿಸಿ ಗೆದ್ದಲಿಗೆ ಉಣಿಸುತ್ತದೆ. ಹುತ್ತವೂ ಎರಡು ಜೀವಗಳ ಒಕ್ಕಲು. ಕನ್ನಡದಲ್ಲೂ ಹವಳದ ಹುತ್ತ ಎಂಬ ಮಾತು ಬಳಕೆಗೆ ಬರಲಿ ಎಂದು ನನ್ನ ಆಸೆ. ಇಂಥ ಹುತ್ತಗಳು ನಮಗೆ ಹೊಸವೇನಲ್ಲ: ಲಕ್ಷದ್ವೀಪದ ಅಮಿನಿ, ಕಿಲ್ತಾನ್, ಚೆತ್ಲಾತ್, ಕಡಮತ್ತು, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಹುತ್ತದ ಮೇಲೆ ಕಟ್ಟಿಕೊಂಡ ಆ ಊರುಗಳೊಂದಿಗೆ ಕನ್ನಡ ಕರಾವಳಿಯ ಆಡಳಿತಕ್ಕೂ ವ್ಯಾಪಾರಕ್ಕೂ ನೂರಕ್ಕೂ ಹೆಚ್ಚು ವರ್ಷದ ನಂಟಿತ್ತು.

ಕಡಲ ನೀರು ಅಲ್ಲಿನ ವಾಡಿಕೆಯ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಈ ಒಕ್ಕಲುತನ ಮುರಿಯುತ್ತದೆ. ಪಾಚಿಯ ಅಡಿಗೆಮನೆ ಕೆಡುತ್ತದೆ, ಆಮ್ಲಜನಕದ ವಿಷರೂಪಗಳು ಹೊರಬೀಳುತ್ತವೆ, ಹವಳ ಪಾಚಿಯನ್ನು ಉಗುಳುತ್ತದೆ. ಬಣ್ಣ ಹೋದ ಮೈ ಗಾಜಿನಂತಾಗಿ ಒಳಗಿನ ಬಿಳಿ ಸುಣ್ಣ ಎದ್ದು ಕಾಣುತ್ತದೆ. ಹವಳ ಆಗ ಸತ್ತಿರುವುದಿಲ್ಲ, ಹಸಿದಿರುತ್ತದೆ. ರಕ್ತ ಸಾಲದ ಮುಖಕ್ಕೆ ನಾವು ಹೇಳುವ ಬಿಳಿಚಿಕೊಳ್ಳುವುದು ಎಂಬ ಮಾತೇ ಇದಕ್ಕೆ ಸರಿಯಾಗಿ ಒಪ್ಪುತ್ತದೆ, ಅದರಲ್ಲಿ ಕಾಯಿಲೆಯೂ ಇದೆ, ಚೇತರಿಕೆಯ ದಾರಿಯೂ ಇದೆ. ನೀರು ಬೇಗ ತಣಿದರೆ ಉಳಿದ ಪಾಚಿ ಮತ್ತೆ ಹೆಚ್ಚುತ್ತದೆ. ತಣಿಯದಿದ್ದರೆ ಹವಳ ಸಾಯುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹುತ್ತಗಳು ಹೀಗೆ ಬಿಳಿಚಿದವು. 2024ರ ಮೇ ತಿಂಗಳಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅಲ್ಲಿ ಮತ್ತೆ ತೀವ್ರ ಬಿಳಿಚುವಿಕೆಯನ್ನು ವರದಿ ಮಾಡಿತು. ಹಿಂದಿನ ಅಕ್ಟೋಬರಿನಿಂದ ಎಳೆದುಕೊಂಡು ಬಂದ ಕಡಲ ಬಿಸಿ ಅದಕ್ಕೆ ಕಾರಣವಾಗಿತ್ತು.

ಇದರ ನಡುವೆ ಹೆಸರುಗಳು ಇನ್ನೂ ಹುಟ್ಟುತ್ತಿವೆ. ಸಿಂಬಿಯೋಡಿನಿಯಂ ಒಂದೇ ಕುಲವಲ್ಲ, ಹಲವು ಕುಲಗಳ ಕೂಟವೆಂದು ಅನುವಂಶಿಕ ಪರೀಕ್ಷೆಗಳಿಂದ ಖಚಿತವಾಗಿ, 2018ರಲ್ಲಿ ಅದನ್ನು ಒಡೆದು ಹೊಸ ಹೆಸರುಗಳನ್ನಿಟ್ಟರು. ಅವುಗಳಲ್ಲೊಂದು ಡುರುಸ್‌ಡಿನಿಯಂ. ಲ್ಯಾಟಿನ್ನಿನಲ್ಲಿ ಡುರುಸ್ ಎಂದರೆ ಗಟ್ಟಿ, ಬಿಸಿ ತಡೆಯುವ ಪಾಚಿ ಇದು. ಬಿಳಿಚಿಕೊಂಡು ಚೇತರಿಸಿದ ಕೆಲವು ಹವಳಗಳಲ್ಲಿ ಹಳೆಯ ಪಾಚಿಯ ಜಾಗದಲ್ಲಿ ಈ ಗಟ್ಟಿಗ ಬಂದು ಕೂತಿರುವುದು ಕಂಡುಬಂದಿದೆ. ಹಾಗೆ ಕೂತ ಮೇಲೆ ಹವಳ ಮುಂದಿನ ಬಿಸಿಯನ್ನು ಹೆಚ್ಚು ತಾಳಿಕೊಳ್ಳುತ್ತದೆ, ಆದರೆ ಮೊದಲಿಗಿಂತ ನಿಧಾನವಾಗಿ ಬೆಳೆಯುತ್ತದೆ. ಈ ಪಾಚಿ ಹಳೆಯದರಷ್ಟು ಉಣಿಸುವುದಿಲ್ಲ.